ಹಸು ಕುಂಟಿದರೆ ಕಣಕಾಲಿಗೆ ಎಣ್ಣೆ ಬೇಡ, ಗೊರಸು ಎತ್ತಿ ನೋಡಿ



ಹೆಚ್ಚು ನಡೆದ ದಿನ, ಗಟ್ಟಿ ನೆಲದ ಮೇಲೆ ಬಹಳ ಹೊತ್ತು ನಿಂತ ದಿನ ನಮ್ಮ ಕಣಕಾಲು ನೋಯುತ್ತದೆ. ಎಣ್ಣೆ ಹಚ್ಚಿ ನೀವಿಕೊಂಡರೆ ಹಿತವೆನಿಸುತ್ತದೆ. ಅದೇ ರೂಢಿಯಲ್ಲಿ ಹಸು ಕುಂಟಿದಾಗಲೂ ಮೊಣಕಾಲಿನ ಕೆಳಗೆ ಎಣ್ಣೆ ತಿಕ್ಕುತ್ತೇವೆ, ಬಟ್ಟೆ ಸುತ್ತುತ್ತೇವೆ. ಕೆಲವು ಊರುಗಳಲ್ಲಿ ಬರೆ ಹಾಕಿಸುವುದೂ ಉಂಟು. ಆದರೆ ಕುಂಟುವ ಹತ್ತು ಹಸುಗಳಲ್ಲಿ ಸುಮಾರು ಒಂಬತ್ತಕ್ಕೆ ನೋವು ಇರುವುದು ಕಣಕಾಲಿನಲ್ಲಲ್ಲ, ಗೊರಸಿನಲ್ಲಿ. ಕಾಲು ಎತ್ತಿ ನೋಡದೆ ಮೇಲೆ ಮೇಲೆ ಮಾಡುವ ಉಪಚಾರದಲ್ಲಿ ಹದಿನೈದು ದಿನ ಕಳೆದರೆ, ಸುಲಭವಾಗಿ ವಾಸಿಯಾಗುವ ಗಾಯ ಮೂಳೆಗೆ ಇಳಿಯಬಹುದು.

ಹಸು ನಡೆಯುವುದು ಬೆರಳ ತುದಿಯ ಮೇಲೆ

ನಾವು ಹಸುವಿನ ಮುಂಗಾಲಿನ ‘ಮೊಣಕಾಲು’ ಎನ್ನುವ ಗಿಣ್ಣು ನಿಜಕ್ಕೂ ನಮ್ಮ ಮಣಿಕಟ್ಟಿಗೆ ಸಮ. ಅದರ ಕೆಳಗಿನ ಕೋಲಿನಂಥ ಭಾಗ ನಮ್ಮ ಅಂಗೈಯ ಮೂಳೆಗಳಿಗೆ ಸಮ. ಸೀಳಿದ ಗೊರಸಿನ ಎರಡು ಭಾಗಗಳು ಎರಡು ಬೆರಳುಗಳ ತುದಿಗಳು. ಅಂದರೆ ನಾಲ್ಕು ಕ್ವಿಂಟಲ್ ತೂಕದ ಹಸು ಎಂಟು ಬೆರಳುಗಳ ತುದಿಯ ಮೇಲೆ ನಿಂತಿರುತ್ತದೆ. ಕಣಕಾಲಿನಂತೆ ಕಾಣುವ ಜಾಗದಲ್ಲಿ ಮೂಳೆ, ನರದಂಥ ಗಟ್ಟಿ ಸ್ನಾಯುರಜ್ಜು ಮತ್ತು ಚರ್ಮ ಬಿಟ್ಟರೆ ಮಾಂಸಖಂಡ ಬಹಳ ಕಡಿಮೆ. ಅಲ್ಲಿ ಎಷ್ಟು ತಿಕ್ಕಿದರೂ ಗೊರಸಿನ ನೋವು ಹೋಗದು.

ಹಿಂಗಾಲುಗಳಲ್ಲೇ ತೊಂದರೆ ಹೆಚ್ಚು. ಅದರಲ್ಲೂ ಹೊರಬದಿಯ ಗೊರಸನ್ನು ಮೊದಲು ನೋಡಿ. ಮುಂಗಾಲಾದರೆ ಒಳಬದಿಯದನ್ನು ಮೊದಲು ನೋಡಿ.

ಕುಂಟುವ ಮೊದಲೇ ಗುರುತಿಸಿ

ಹಸು ನೋವನ್ನು ಮುಚ್ಚಿಟ್ಟುಕೊಳ್ಳುವ ಪ್ರಾಣಿ. ಕುಂಟುವುದು ಎದ್ದು ಕಾಣುವ ಹೊತ್ತಿಗೆ ರೋಗ ಸಾಕಷ್ಟು ಮುಂದುವರಿದಿರುತ್ತದೆ. ವಾರಕ್ಕೊಮ್ಮೆ ರಾಸನ್ನು ಸಮತಟ್ಟಾದ ಜಾಗದಲ್ಲಿ ಹತ್ತು ಹೆಜ್ಜೆ ನಡೆಸಿ, ಪಕ್ಕದಿಂದ ಬೆನ್ನನ್ನು ನೋಡಿ.

1. ನಿಂತಾಗಲೂ ನಡೆದಾಗಲೂ ಬೆನ್ನು ನೇರ: ಕಾಲು ಸರಿಯಾಗಿದೆ.
2. ನಿಂತಾಗ ನೇರ, ನಡೆದಾಗ ಬೆನ್ನು ಬಾಗುತ್ತದೆ: ನೋವು ಶುರುವಾಗಿದೆ.
3. ನಿಂತಾಗಲೂ ನಡೆದಾಗಲೂ ಬೆನ್ನು ಬಾಗಿದೆ, ಹೆಜ್ಜೆ ಚಿಕ್ಕದಾಗಿದೆ: ವೈದ್ಯರಿಗೆ ತೋರಿಸಿ.
4. ಒಂದು ಕಾಲನ್ನು ಉಳಿಸಿಕೊಂಡು ನಡೆಯುತ್ತದೆ: ಅಂದೇ ತೋರಿಸಿ.
5. ಕಾಲು ಊರುವುದೇ ಇಲ್ಲ: ತುರ್ತು.

ಎರಡನೇ ಹಂತದಲ್ಲೇ ಗೊರಸು ನೋಡಿದರೆ ಹೆಚ್ಚಿನ ರಾಸುಗಳಿಗೆ ಸಣ್ಣ ಚಿಕಿತ್ಸೆ ಸಾಕು. ಹಾಲು ಕರೆಯುವಾಗ ಪದೇ ಪದೇ ಕಾಲು ಬದಲಿಸುವುದು, ಗೋದಲಿಯ ಹತ್ತಿರ ಬರಲು ಹಿಂಜರಿಯುವುದು, ಹೆಚ್ಚು ಹೊತ್ತು ಮಲಗಿರುವುದು ಕೂಡ ಸೂಚನೆಗಳೇ. ಬೆದೆಗೆ ಬಂದರೂ ಇನ್ನೊಂದು ಹಸುವಿನ ಮೇಲೆ ಹಾರದೆ ಇರುವುದರಿಂದ ಬೆದೆ ತಪ್ಪಿಹೋಗುತ್ತದೆ. ‘ಗಬ್ಬ ನಿಲ್ಲುತ್ತಿಲ್ಲ’ ಎಂದು ಬರುವ ಕೆಲವು ದೂರುಗಳ ಹಿಂದೆ ಇರುವುದು ಗೊರಸಿನ ನೋವೇ.

ಲೆಕ್ಕ ಹಾಕಿ ನೋಡಿ. ನೋವಿನಿಂದ ದಿನಕ್ಕೆ ಎರಡು ಲೀಟರ್ ಹಾಲು ಕಡಿಮೆಯಾದರೂ ಎರಡು ತಿಂಗಳಿಗೆ 120 ಲೀಟರ್. ಒಂದು ಬೆದೆ ತಪ್ಪಿದರೆ ಇನ್ನೂ 21 ದಿನ ಕಾಯಬೇಕು.

ಗೊರಸು ನೋಡುವ ಕ್ರಮ

ರಾಸನ್ನು ಕಂಬಕ್ಕೆ ಅಥವಾ ಟ್ರೇವಿಸ್‌ನಲ್ಲಿ ಗಟ್ಟಿಯಾಗಿ ಕಟ್ಟಿ. ಹಿಂಗಾಲನ್ನು ಹಗ್ಗದಿಂದ ಎತ್ತಿ ಕಟ್ಟಲು ಇನ್ನೊಬ್ಬರ ಸಹಾಯ ಇರಲಿ. ನೀರು ಹಾಕಿ ಬ್ರಷ್‌ನಿಂದ ತೊಳೆದು, ಎರಡು ಗೊರಸುಗಳ ನಡುವಿನ ಸಂದಿ, ಅಂಗಾಲು, ಹಿಮ್ಮಡಿ ಎಲ್ಲವನ್ನೂ ನೋಡಿ. ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಒತ್ತಿದಾಗ ಎಲ್ಲಿ ಕಾಲು ಕಿತ್ತುಕೊಳ್ಳುತ್ತದೋ ಅಲ್ಲೇ ನೋವು. ಮುಂದಿನ ಕೆಲಸ ವೈದ್ಯರದು; ಚಾಕು, ಕುಡುಗೋಲಿನಿಂದ ಕೊರೆಯಬೇಡಿ.

ಕಾಣುವ ಮುಖ್ಯ ತೊಂದರೆಗಳು ಇವು:

• ಕಲ್ಲು, ಮೊಳೆ, ತಂತಿ ಚುಚ್ಚಿರುವುದು. ಹದಿನೈದು ದಿನ ಎಣ್ಣೆ ತಿಕ್ಕಿಸಿಕೊಂಡ ಒಂದು ಹಸುವಿನ ಗೊರಸು ತೊಳೆದಾಗ ಕಂಡದ್ದು ಸಂದಿಯಲ್ಲಿ ಸಿಕ್ಕಿಬಿದ್ದ ಜಲ್ಲಿಕಲ್ಲು. ತೆಗೆದು, ಕೀವು ಹೊರಬಿಟ್ಟ ಮೇಲೆ ಕೆಲವೇ ದಿನಗಳಲ್ಲಿ ಹಸು ಕಾಲು ಊರಿತು.

• ಗೊರಸು ಕೊಳೆಯುವುದು. ಮಳೆಗಾಲದಲ್ಲಿ ಹೆಚ್ಚು. ಗೊರಸಿನ ಮೇಲ್ಭಾಗ ಎರಡೂ ಬದಿ ಊದಿ ಕೆಂಪಾಗುತ್ತದೆ, ಸಂದಿಯಲ್ಲಿ ಕೆಟ್ಟ ವಾಸನೆ, ಜ್ವರ. ಬೇಗ ಚುಚ್ಚುಮದ್ದು ಸಿಕ್ಕರೆ ಬೇಗ ಗುಣ.

• ಅಂಗಾಲಿನ ಹುಣ್ಣು. ಮಿಶ್ರತಳಿ ಹಸುಗಳ ಹಿಂಗಾಲಿನ ಹೊರ ಗೊರಸಿನಲ್ಲಿ ಸಾಮಾನ್ಯ. ಸತ್ತ ಭಾಗ ಕೆತ್ತಿ, ಪಕ್ಕದ ಆರೋಗ್ಯವಾದ ಗೊರಸಿಗೆ ಮರದ ಬಿಲ್ಲೆ ಅಂಟಿಸಿದರೆ ಭಾರ ಅದರ ಮೇಲೆ ಹೋಗಿ ಹುಣ್ಣು ಮಾಯುತ್ತದೆ.

• ಒಂದಕ್ಕಿಂತ ಹೆಚ್ಚು ಕಾಲು ಕುಂಟುತ್ತಾ, ಬಾಯಲ್ಲಿ ಜೊಲ್ಲು, ಗುಳ್ಳೆ ಕಂಡರೆ ಕಾಲುಬಾಯಿ ರೋಗದ ಅನುಮಾನ. ಆ ರಾಸನ್ನು ಪ್ರತ್ಯೇಕಿಸಿ, ಕೂಡಲೇ ತಿಳಿಸಿ. ಆರು ತಿಂಗಳಿಗೊಮ್ಮೆ ಹಾಕುವ ಉಚಿತ ಲಸಿಕೆಯನ್ನು ತಪ್ಪಿಸಬೇಡಿ.

ಗೊರಸಿನಲ್ಲಿ ಏನೂ ಕಾಣದಿದ್ದರೆ ಮೇಲಕ್ಕೆ ನೋಡಬೇಕು. ಹಿಂಗಾಲು ಹಿಂದಕ್ಕೆ ಸೆಟೆದು, ಗೊರಸಿನ ತುದಿ ನೆಲಕ್ಕೆ ಎಳೆದು, ಆಮೇಲೆ ಫಕ್ಕನೆ ಮುಂದಕ್ಕೆ ಬಂದರೆ ಅದು ಮಂಡಿಚಿಪ್ಪು ಸಿಕ್ಕಿಕೊಳ್ಳುವ ತೊಂದರೆ. ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ. ಗಟ್ಟಿ ನೆಲದಲ್ಲಿ ಮಲಗಿ ಗಿಣ್ಣು ಊದಿದ್ದರೆ ಕುಯ್ಯಬೇಡಿ, ಬರೆ ಹಾಕಬೇಡಿ. ಮೆತ್ತನೆಯ ಹಾಸು ಕೊಡಿ, ವೈದ್ಯರಿಗೆ ತೋರಿಸಿ.

ಕೊಟ್ಟಿಗೆಯಲ್ಲೇ ಇದೆ ಪರಿಹಾರ

ಹಾಸು: ಹಸು ದಿನಕ್ಕೆ 10ರಿಂದ 12 ಗಂಟೆ ಮಲಗಬೇಕು. ಬರೀ ಸಿಮೆಂಟ್ ನೆಲದಲ್ಲಿ ಮಲಗಲು ಹಿಂಜರಿದು ನಿಂತೇ ಇದ್ದರೆ ಗೊರಸಿಗೆ ಪೆಟ್ಟು. ರಬ್ಬರ್ ಮ್ಯಾಟ್ ಅಥವಾ ಒಣ ಹುಲ್ಲಿನ ಹಾಸು ಇರಲಿ. ಸಗಣಿ, ಗಂಜಲ ನಿಲ್ಲದಂತೆ ಇಳಿಜಾರು ಇರಲಿ. ನೆನೆದ ಗೊರಸು ಮೆತ್ತಗಾಗಿ ಬೇಗ ಸೋಂಕು ಹಿಡಿಯುತ್ತದೆ.

ನಡಿಗೆ: ದಿನವಿಡೀ ಕಟ್ಟಿದ ರಾಸಿನ ಗೊರಸು ಸವೆಯದೆ ಬೆಳೆಯುತ್ತದೆ. ಆರೋಗ್ಯವಾದ ರಾಸನ್ನು ದಿನಕ್ಕೆ ಒಂದೆರಡು ಗಂಟೆ ಮಣ್ಣಿನ ಅಂಗಳದಲ್ಲಿ ಬಿಡಿ. ಕುಂಟುವ ರಾಸನ್ನು ಮಾತ್ರ ನಡೆಸಬೇಡಿ. ಅದಕ್ಕೆ ಮೆತ್ತನೆಯ ಒಣ ಜಾಗದಲ್ಲಿ ವಿಶ್ರಾಂತಿ ಬೇಕು. ಮೇವು, ನೀರು ಅಲ್ಲಿಗೇ ಕೊಡಿ.

ಗೊರಸು ಕತ್ತರಿಸುವುದು: ಗೊರಸು ತಿಂಗಳಿಗೆ ಸುಮಾರು 5 ಮಿ.ಮೀ. ಬೆಳೆಯುತ್ತದೆ. ತರಬೇತಿ ಪಡೆದವರಿಂದ ವರ್ಷಕ್ಕೆ ಎರಡು ಬಾರಿ ಕತ್ತರಿಸಿ. ಹಾಲು ಬತ್ತಿಸುವ ಸಮಯ ಒಳ್ಳೆಯದು. ತುಂಬು ಗಬ್ಬದ ಹಸುವನ್ನು ಕೆಡವಿ ಕತ್ತರಿಸಬೇಡಿ.

ಗೊರಸು ಸ್ನಾನ: 10 ಲೀಟರ್ ನೀರಿಗೆ 500 ಗ್ರಾಂ ಮೈಲುತುತ್ತ ಕರಗಿಸಿ, ತೊಳೆದ ಗೊರಸನ್ನು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಅದ್ದಿ, ಆಮೇಲೆ ಒಣ ಜಾಗದಲ್ಲಿ ನಿಲ್ಲಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಡಬಹುದು. ಇದು ವಿಷ; ರಾಸುಗಳು, ಮುಖ್ಯವಾಗಿ ಕುರಿಗಳು ಕುಡಿಯದಂತೆ ನೋಡಿಕೊಳ್ಳಿ. ಉಳಿದ ನೀರನ್ನು ಕೆರೆ, ಬಾವಿಯ ಕಡೆ ಚೆಲ್ಲಬೇಡಿ.

ಮೇವು: ಮದುವೆ ಮನೆಯಲ್ಲಿ ಉಳಿದ ಅನ್ನ, ರಾಗಿ ಹಿಟ್ಟಿನ ಗಂಜಿಯನ್ನು ಒಮ್ಮೆಗೇ ಸುರಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಾಗುತ್ತದೆ. ಅದರ ಪೆಟ್ಟು ಗೊರಸಿನಲ್ಲಿ ಕಾಣುವುದು ಎರಡು ತಿಂಗಳ ನಂತರ. ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಕರು ಹಾಕಿದ ಕೂಡಲೇ ಪಶು ಆಹಾರವನ್ನು ಒಮ್ಮೆಲೇ ಹೆಚ್ಚಿಸದೆ, ಎರಡು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಿ. ಒಣ ಮೇವು ಕಡಿಮೆಯಾಗದಿರಲಿ. ಖನಿಜ ಮಿಶ್ರಣ ಪ್ರತಿದಿನ ಕೊಡಿ. ಅದರಲ್ಲಿರುವ ಸತು ಗೊರಸನ್ನು ಗಟ್ಟಿ ಮಾಡುತ್ತದೆ.

ನೋವಿನ ಮದ್ದು ನೀವೇ ಕೊಡಬೇಡಿ

ಮನುಷ್ಯರ ನೋವಿನ ಚುಚ್ಚುಮದ್ದು ಡೈಕ್ಲೋಫೆನಾಕ್ ಅನ್ನು ಹಸುಗಳಿಗೆ ಹಾಕಿಸುವಂತಿಲ್ಲ. ಪಶುಗಳಲ್ಲಿ ಇದರ ಬಳಕೆಗೆ ನಮ್ಮ ದೇಶದಲ್ಲಿ 2006ರಿಂದ ತಡೆ ಇದೆ. ಈ ಮದ್ದು ಪಡೆದು ಸತ್ತ ರಾಸಿನ ಮಾಂಸ ತಿಂದ ರಣಹದ್ದುಗಳು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳನ್ನು ಉಳಿಸುವುದರಲ್ಲಿ ಹಸು ಸಾಕುವ ನಮ್ಮ ಪಾಲೂ ಇದೆ. ಸುರಕ್ಷಿತವಾದ ಬೇರೆ ಔಷಧಗಳಿವೆ, ವೈದ್ಯರು ಬರೆಯುತ್ತಾರೆ. ಆಂಟಿಬಯೋಟಿಕ್ ಹಾಕಿಸಿದ ಹಸುವಿನ ಹಾಲನ್ನು ಅವರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ.

ಕಾಲು ಹೋಯಿತೆಂದು ಅರ್ಧ ಬೆಲೆಗೆ ಮಾರಿದ ಎಷ್ಟೋ ಹಸುಗಳಿಗೆ ಬೇಕಿದ್ದದ್ದು ಒಂದು ಬಾರಿ ಗೊರಸು ಎತ್ತಿ ನೋಡುವುದು ಮಾತ್ರ. ನಾಳೆ ಬೆಳಿಗ್ಗೆ ಹಾಲು ಕರೆದ ಮೇಲೆ ನಿಮ್ಮ ರಾಸನ್ನು ಹತ್ತು ಹೆಜ್ಜೆ ನಡೆಸಿ, ಬೆನ್ನು ನೋಡಿ. ಅನುಮಾನ ಬಂದರೆ ಸಂಘದ ಕಾರ್ಯದರ್ಶಿಗಳ ಮೂಲಕ ನಮಗೆ ತಿಳಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.