ಹಾಳೆಗೆ ಉಳಿದದ್ದೆಷ್ಟು

ನನ್ನ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ ಮನೆಗೆ ಬಂದದ್ದು ಚೀಟಿ ಎತ್ತಿದ ದುಡ್ಡಿನಲ್ಲಿ. ಕೈಗೆ ಸಿಕ್ಕಿದ್ದು 1,20,000 ರೂಪಾಯಿ. ಆ ವರ್ಷದ ಲೆಕ್ಕದ ಪುಸ್ತಕ ಈಗಲೂ ಇದೆ. ಜಪಾನಿನ ಮಡಿಸುವ ಮರದ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್, ಸಾಗಣೆ ಮತ್ತು ಕಸ್ಟಮ್ಸ್ ಸೇರಿ 62,000. 90 ಮಿ.ಮೀ. ಲೆನ್ಸ್ 28,000. ಮೂರು ಫಿಲ್ಮ್ ಹೋಲ್ಡರ್ 6,000. ಟ್ರೈಪಾಡ್ 14,000. ಉಳಿದ 10,000ದಲ್ಲಿ 25 ಹಾಳೆಯ ಒಂದು ಪೆಟ್ಟಿಗೆ ಫಿಲ್ಮಿಗೆ 6,800, ಡೆವಲಪರ್ ಮತ್ತು ಫಿಕ್ಸರಿಗೆ 2,000. ಪುಟದ ಕೊನೆಯಲ್ಲಿ 1,200 ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಆ 25 ಹಾಳೆಗಳು ಮೂರು ತಿಂಗಳಲ್ಲಿ ಮುಗಿದವು. ಮನೆ ಖರ್ಚು ಕಳೆದು ಮುಂದಿನ ಪೆಟ್ಟಿಗೆಗೆ ದುಡ್ಡು ಕೂಡಲು ಏಳು ತಿಂಗಳು ಬೇಕಾಯಿತು. ನಡುವೆ ನಮ್ಮೂರು ಸಾಗರದ ಮಳೆಗಾಲ. ಬೀರುವಿನಲ್ಲಿ ಮುಚ್ಚಿಟ್ಟಿದ್ದ ಲೆನ್ಸನ್ನು ದೀಪಾವಳಿಯ ಹೊತ್ತಿಗೆ ತೆಗೆದು ನೋಡಿದರೆ ಒಳಗಾಜಿನ ಅಂಚಿನಲ್ಲಿ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿತ್ತು. ಇವತ್ತು ಬರೆಯುತ್ತಿರುವುದು ಆ ಏಳು ತಿಂಗಳ ಬಗ್ಗೆ, ಅದು ಬೇರೆಯವರಿಗೆ ಬರಬಾರದೆಂದು.

ಈ ಕ್ಯಾಮೆರಾದಲ್ಲಿ ರೋಲ್ ಇಲ್ಲ. 4×5 ಇಂಚಿನ ಫಿಲ್ಮ್ ಹಾಳೆಗಳನ್ನು ಪೂರ್ತಿ ಕತ್ತಲೆಯಲ್ಲಿ ಹೋಲ್ಡರಿಗೆ ತುಂಬಬೇಕು. ಒಂದು ಹೋಲ್ಡರಿಗೆ ಎರಡೇ ಹಾಳೆ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಹಿಂದಿನ ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ದೃಶ್ಯವನ್ನು ನೋಡಿ ಫೋಕಸ್ ಮಾಡಬೇಕು. ಒಂದು ಹಾಳೆಯಲ್ಲಿ ಚಿತ್ರ ಬೀಳುವ ಭಾಗದ ವಿಸ್ತೀರ್ಣ 35 ಮಿ.ಮೀ. ಫಿಲ್ಮಿನ ಒಂದು ಫ್ರೇಮಿನ ಸುಮಾರು 13 ಪಟ್ಟು. ಕಲ್ಲಿನ ಮೇಲೆ ಉಳಿ ನಡೆದ ಜಾಡು ಕೂಡ ನೆಗೆಟಿವಿನಲ್ಲಿ ಉಳಿಯುತ್ತದೆ. ನನ್ನನ್ನು ಇದಕ್ಕೆ ಎಳೆದದ್ದು ಆ ಸೂಕ್ಷ್ಮ. ಬೆಲೆಯೂ ಹಾಳೆಯ ಲೆಕ್ಕದಲ್ಲೇ ಬರುತ್ತದೆ: ನನ್ನ ಮೊದಲ ಪೆಟ್ಟಿಗೆಯಲ್ಲಿ ಒಂದು ಕ್ಲಿಕ್ಕಿಗೆ 272 ರೂಪಾಯಿ, ತೊಳೆಯುವ ಖರ್ಚು ಸೇರಿದರೆ 300ರ ಹತ್ತಿರ.

ಮೊದಲ 25ರಲ್ಲಿ ಹತ್ತು ಚಿತ್ರ ನಿಂತವು. ಎರಡು ಸಲ ಲೆನ್ಸ್ ಮುಚ್ಚದೆಯೇ, ಹೋಲ್ಡರಿನಲ್ಲಿ ಹಾಳೆಯನ್ನು ಮುಚ್ಚಿರುವ ತಗಡು ಎಳೆದೆ. ಮೂರು ಹಾಳೆಗಳ ಮೇಲೆ ಎರಡೆರಡು ಚಿತ್ರ ಬಿತ್ತು. ತಗಡಿನ ಬಿಳಿ ಬದಿ ಹೊರಗಿದ್ದರೆ ಹೊಸ ಹಾಳೆ, ಕಪ್ಪು ಬದಿ ಹೊರಗಿದ್ದರೆ ತೆಗೆದದ್ದು ಎಂಬ ರೂಢಿ ಕೈಗೆ ಇನ್ನೂ ಹತ್ತಿರಲಿಲ್ಲ. ಕೆಳದಿಯ ಮರದ ಕಂಬಗಳ ನೆರಳಿನಲ್ಲಿ ಮೀಟರ್ 10 ಸೆಕೆಂಡ್ ತೋರಿಸಿತು, ಅಷ್ಟೇ ಕೊಟ್ಟೆ. ಬೆಳಕು ಕಡಿಮೆಯಿದ್ದು ಹೊತ್ತು ಬೆಳೆದ ಹಾಗೆ ಫಿಲ್ಮ್ ಮಂದವಾಗುತ್ತದೆ. ಇಲ್ಫರ್ಡಿನ ಎಚ್‌ಪಿ5 ಫಿಲ್ಮಿಗೆ ಮೀಟರಿನ 10 ಸೆಕೆಂಡ್ ಎಂದರೆ ನಿಜದಲ್ಲಿ 20 ಸೆಕೆಂಡ್. ನಾಲ್ಕು ಹಾಳೆ ಕಲಿಸಿದ ಪಾಠ ಅದು. ಇಂಥ ತಪ್ಪುಗಳು ಎಲ್ಲರಿಗೂ ಆಗುತ್ತವೆ, ಆಗಲೇಬೇಕು. ತಪ್ಪು ಮಾಡಿ ಕಲಿಯುವುದಕ್ಕೂ ಬಜೆಟ್ಟಿನಲ್ಲಿ ಜಾಗ ಬೇಕಿತ್ತು. ನಾನು ಅದನ್ನು ಇಟ್ಟಿರಲಿಲ್ಲ.

ಉಳಿದ ಹಾಳೆಗಳು ಹೋದದ್ದು ಲೆನ್ಸಿನ ಆಯ್ಕೆಯಲ್ಲಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನಮ್ಮೂರಿಗೆ ಹತ್ತಿರ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಕಟ್ಟಡ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ಈ ಕ್ಯಾಮೆರಾದಲ್ಲಿ ಓರೆ ಮಾಡದೆ ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸಬಹುದು; ಗೋಡೆ ನೆಟ್ಟಗೆ ಉಳಿಯುತ್ತದೆ. ಹಾಗೆ ಸರಿಸಬೇಕಾದರೆ ಲೆನ್ಸ್ ಹಿಂದಕ್ಕೆ ಚೆಲ್ಲುವ ಬೆಳಕಿನ ವೃತ್ತ ಹಾಳೆಗಿಂತ ಸಾಕಷ್ಟು ದೊಡ್ಡದಿರಬೇಕು. 4×5 ಹಾಳೆಯಲ್ಲಿ ಚಿತ್ರ ಬೀಳುವ ಭಾಗದ ಕರ್ಣ 153 ಮಿ.ಮೀ. ಆಸುಪಾಸು. ನಾನು ಕೊಂಡಿದ್ದ ಹಳೆಯ 90 ಮಿ.ಮೀ. ಆಂಗ್ಯುಲಾನ್‌ನ ವೃತ್ತ 154. ಹಾಳೆಯನ್ನು ಮುಚ್ಚುವಷ್ಟಿದೆ, ಅಲ್ಲಿಗೆ ಮುಗಿಯಿತು. ಲೆನ್ಸ್ ಮೇಲಕ್ಕೆ ಸರಿಸಿದ ಪ್ರತಿ ಚಿತ್ರದಲ್ಲೂ ಮೂಲೆಗಳು ಕಪ್ಪಾಗಿ ಬಂದವು. ಲೆನ್ಸಿನ ದೋಷ ಏನೂ ಇಲ್ಲ. ಪುಟ್ಟ, ಹಗುರ, ಚೂಪಾದ ಲೆನ್ಸ್ ಅದು, ಬಯಲಿನ ದೃಶ್ಯಕ್ಕೆ ಚೆನ್ನ. ಅದೇ 90ರಲ್ಲಿ ಸೂಪರ್ ಆಂಗ್ಯುಲಾನ್ ಎಫ್/8ರ ವೃತ್ತ 216. ಕೊಳ್ಳುವ ಮುನ್ನ ಆ ಒಂದು ಅಂಕಿ ನೋಡಿದ್ದರೆ ಸಾಕಿತ್ತು.

ಮೊದಲ ಲೆನ್ಸ್ ಯಾವುದೆಂದು ಕೇಳುವವರಿಗೆ ಈಗ ನಾನು ಹೇಳುವುದು 150 ಮಿ.ಮೀ. ಷ್ನೈಡರ್‌ನ ಸಿಮ್ಮಾರ್-ಎಸ್, ನಿಕಾನ್‌ನ ನಿಕ್ಕೋರ್-ಡಬ್ಲ್ಯು, ರೋಡೆನ್‌ಸ್ಟಾಕ್, ಫ್ಯೂಜಿ, ಯಾವುದಾದರೂ ಆದೀತು. ಮೊದಲ ಎರಡರ ವೃತ್ತ 210. ಹೆಸರುಗಳ ಬಗ್ಗೆ ನಡೆಯುವ ವಾದಗಳಲ್ಲಿ ನನಗೆ ನಂಬಿಕೆಯಿಲ್ಲ. ಎಫ್/22ರಲ್ಲಿ ತೆಗೆದು ತೊಳೆದ ನೆಗೆಟಿವ್ ನೋಡಿ ಇದು ಇಂಥವರ ಗಾಜು ಎಂದು ಹೇಳಬಲ್ಲವರನ್ನು ನಾನು ಕಂಡಿಲ್ಲ. ಗಾಜಿನ ಸ್ಥಿತಿ, ಶಟರ್ ಎರಡನ್ನೂ ಮಾತ್ರ ನೋಡಿ. ಟಾರ್ಚನ್ನು ಲೆನ್ಸಿನ ಹಿಂದಿನಿಂದ ಹಾಯಿಸಿದರೆ ಬೂಷ್ಟು, ಮಂಜು ಎರಡೂ ಕಾಣುತ್ತವೆ. ಶಟರನ್ನು 1 ಸೆಕೆಂಡಿಗೆ ಇಟ್ಟು ಒತ್ತಿ, ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ, ತೆರೆದ ಸದ್ದಿಗೂ ಮುಚ್ಚಿದ ಸದ್ದಿಗೂ ನಡುವಿನ ಹೊತ್ತು ಅಳೆಯಿರಿ. ನನ್ನದು 1 ಸೆಕೆಂಡಿಗೆ ಎರಡು ತೆಗೆದುಕೊಳ್ಳುತ್ತಿತ್ತು. ಮಾರಿದವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸರ್ವಿಸಿಗೆ 4,500 ಹೋಯಿತು.

ಕ್ಯಾಮೆರಾದ ವಿಷಯಕ್ಕೆ ಬಂದರೆ, ನಮ್ಮೂರಿನ ಹಳೆಯ ಸ್ಟುಡಿಯೊದ ಯಜಮಾನರ ಮಾತು ನೆನಪಾಗುತ್ತದೆ. ಅವರ ಅಟ್ಟದಲ್ಲಿ ವಾಗೀಶ್ವರಿ ಕ್ಯಾಮೆರಾ ಇದೆ. ಕೇರಳದ ಆಲಪ್ಪುಳದಲ್ಲಿ ಕರುಣಾಕರನ್ ಎಂಬುವರು 1940ರ ದಶಕದಿಂದ ತೇಗದ ಮರ ಮತ್ತು ಹಿತ್ತಾಳೆಯಲ್ಲಿ ಮಾಡುತ್ತಿದ್ದ ಕ್ಯಾಮೆರಾ ಅದು. ಅವರದು ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದ ಮನೆತನ. ಹಾರ್ಮೋನಿಯಂ ತಿದಿ ಕಟ್ಟುವ ಕೈಗೆ ಕ್ಯಾಮೆರಾದ ತಿದಿ ಹೊಸದಲ್ಲ. ನಾನು ಕ್ಯಾಮೆರಾ ತಂದ ದಿನ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಚಂದ ಇದೆ ಮಾರಾಯ. ಆದ್ರೆ ಪೆಟ್ಟಿಗೆಗೆ ಇಷ್ಟು ಕೊಟ್ಯಲ್ಲ, ಪೆಟ್ಟಿಗೇನ ಒಳ್ಳೇ ಬಡಗಿನೂ ಮಾಡ್ತಾನೆ’ ಎಂದರು. ನನಗೆ ಅವತ್ತು ಬೇಸರವಾಗಿತ್ತು.

ಅವರ ಮಾತು ಸರಿ. ಈ ಕ್ಯಾಮೆರಾ ಎಂದರೆ ಮುಂದೆ ಲೆನ್ಸ್, ಹಿಂದೆ ಹಾಳೆ, ಇವೆರಡನ್ನೂ ಬೆಳಕು ಸೋರದ ಹಾಗೆ, ಅಲುಗದ ಹಾಗೆ ಹಿಡಿಯುವ ಚೌಕಟ್ಟು. 62,000ದ ಕ್ಯಾಮೆರಾವೂ 16,000ದ ಕ್ಯಾಮೆರಾವೂ ಒಂದೇ ಲೆನ್ಸಿನಿಂದ ಒಂದೇ ಚಿತ್ರ ಕೊಡುತ್ತವೆ. ಹೆಚ್ಚು ಕೊಟ್ಟ ದುಡ್ಡು ಹೋಗುವುದು ಹಗುರಕ್ಕೆ, ಮಡಿಸುವ ಸೌಕರ್ಯಕ್ಕೆ. ಜಾಹೀರಾತು ಸ್ಟುಡಿಯೊಗಳು ಡಿಜಿಟಲಿಗೆ ಹೋದ ಮೇಲೆ ಒಂಟಿ ಕಂಬಿಯ ಮೇಲೆ ಜಾರುವ ಮಾನೊರೇಲ್ ಕ್ಯಾಮೆರಾಗಳು ಅಗ್ಗಕ್ಕೆ ಸಿಗುತ್ತವೆ. ಬೆಂಗಳೂರಿನಲ್ಲಿ ಅಂಥದ್ದೊಂದನ್ನು ತೂಕ ನೋಡಿ ಬಿಟ್ಟು ಬಂದಿದ್ದೆ, ಕೊಡಚಾದ್ರಿ ಹತ್ತಬೇಕಲ್ಲ ಎಂದು. ಎರಡು ವರ್ಷದ ನೆಗೆಟಿವ್‌ಗಳನ್ನು ಹರಡಿಕೊಂಡು ಎಣಿಸಿದೆ. ಹತ್ತರಲ್ಲಿ ಎಂಟು ಚಿತ್ರ ಕಾರು ನಿಲ್ಲಿಸಿದ ಜಾಗದಿಂದ 200 ಮೀಟರ್ ಒಳಗೆ ತೆಗೆದವು. ಕೊಡಚಾದ್ರಿಗೆ ಒಮ್ಮೆ ಹೋಗಿದ್ದೆ. ಹಗುರ ಕ್ಯಾಮೆರಾ ಬೇಕೋ ಬೇಡವೋ ಎಂಬುದನ್ನು ಆಸೆಯಿಂದ ನಿರ್ಧರಿಸಬೇಡಿ. ಈಗಿರುವ ಕ್ಯಾಮೆರಾದಲ್ಲಿ ಹಿಂದಿನ ವರ್ಷ ಎಲ್ಲೆಲ್ಲಿ ನಿಂತು ಚಿತ್ರ ತೆಗೆದಿರೆಂದು ಎಣಿಸಿ. ಹಳೆಯದು ಕೊಳ್ಳುವಾಗ ಕತ್ತಲ ಕೋಣೆಯಲ್ಲಿ ತಿದಿಯೊಳಗೆ ಟಾರ್ಚ್ ಇಟ್ಟು ನೋಡಿ. ಮಡಿಕೆಯ ಮೂಲೆಗಳಲ್ಲಿ ಸೂಜಿ ತೂತು ಇದ್ದರೆ ನಕ್ಷತ್ರದ ಹಾಗೆ ಹೊಳೆಯುತ್ತದೆ.

ನನ್ನ ಅತ್ಯಂತ ಲಾಭದ ಖರೀದಿ ಫೋಟೊ ಅಂಗಡಿಯಲ್ಲಿ ಆಗಲಿಲ್ಲ. ಆಫ್‌ಸೆಟ್ ಮುದ್ರಣಕ್ಕೆ ಮೊದಲೆಲ್ಲ ಪುಟಗಳನ್ನು ದೊಡ್ಡ ಪ್ರೋಸೆಸ್ ಕ್ಯಾಮೆರಾದಲ್ಲಿ ಫಿಲ್ಮಿಗೆ ಇಳಿಸುತ್ತಿದ್ದರು. ಕಂಪ್ಯೂಟರಿನಿಂದ ನೇರವಾಗಿ ಪ್ಲೇಟ್ ಮಾಡುವ ಕಾಲ ಬಂದು ಅವೆಲ್ಲ ಮೂಲೆ ಸೇರಿದವು. ಅವುಗಳ ಲೆನ್ಸ್ ಗೆರೆಯನ್ನು ಗೆರೆಯಾಗಿ ಹಿಡಿಯಲೆಂದೇ ಮಾಡಿದವು. ಶಿವಮೊಗ್ಗದಲ್ಲಿ ಮುಚ್ಚಿದ ಪ್ರೆಸ್ಸೊಂದರ ಸಾಮಾನು ಗುಜರಿಗೆ ಹೋಗುವ ಮುನ್ನ 300 ಮಿ.ಮೀ. ಅಪೊ-ರೊನಾರ್ 3,000ಕ್ಕೆ ಸಿಕ್ಕಿತು. ಅದಕ್ಕೆ ಶಟರ್ ಇಲ್ಲ. ದೇವಸ್ಥಾನದ ಒಳಗೆ 20, 40 ಸೆಕೆಂಡ್ ತೆರೆದಿಡುವವನಿಗೆ ಶಟರ್ ಏಕೆ? ಮುಚ್ಚಳ ತೆಗೆದು, ಎಣಿಸಿ, ಮತ್ತೆ ಮುಚ್ಚಿದರೆ ಆಯಿತು. ಲೆನ್ಸ್ ಕೂರಿಸುವ ಹಲಗೆಯನ್ನು ಬಡಗಿ ಪ್ಲೈವುಡ್ಡಿನಲ್ಲಿ 150 ರೂಪಾಯಿಗೆ ಮಾಡಿಕೊಟ್ಟ.

ಟ್ರೈಪಾಡಿನ ಕಥೆಯೂ ಅಂಥದ್ದೇ. ನಾನು ಕೊಂಡ 14,000ದ್ದು ಹಗುರ. ತಿದಿಗೆ ಗಾಳಿ ಬಡಿದರೆ ನಡುಗುತ್ತದೆ. ಈಗ ಬಳಸುವುದು ಭೂಮಾಪನದವರ ಹಳೆಯ ಮರದ ಮುಕ್ಕಾಲಿ, 2,500. ಅದರ ಬೋಲ್ಟ್ ಕ್ಯಾಮೆರಾದ ತೂತಿಗಿಂತ ದಪ್ಪ, ಹಾಗಾಗಿ ಲೇತಿನವರ ಹತ್ತಿರ 400 ಕೊಟ್ಟು ಅಡಾಪ್ಟರ್ ಮಾಡಿಸಿದೆ. ಫೋಕಸ್ ನೋಡಲು ಗಡಿಯಾರ ರಿಪೇರಿಯವರ ಕಣ್ಣುಗಾಜು ಸಾಕು. ಕಪ್ಪು ಬಟ್ಟೆಗೆ ಹೊರಗಡೆ ಬಿಳಿ ಹೊದಿಕೆ ಇಟ್ಟು ಟೈಲರ್ ಹತ್ತಿರ ಹೊಲಿಸಿದರೆ ಬಿಸಿಲಲ್ಲಿ ತಲೆ ಕಾಯುವುದಿಲ್ಲ. ಬೆಳಕು ಅಳೆಯಲು ಫೋನ್ ಇದೆ. ದುಡ್ಡು ಉಳಿಸಬಾರದ ಒಂದು ಜಾಗವೆಂದರೆ ಗಾಳಿಯಾಡದ ಡಬ್ಬ ಮತ್ತು ಸಿಲಿಕಾ ಜೆಲ್. ಮಲೆನಾಡಿನಲ್ಲಿರುವವರು ಅದನ್ನು ಲೆನ್ಸಿನ ಜೊತೆಗೇ ಕೊಳ್ಳಬೇಕು.

ಇನ್ನು ಫಿಲ್ಮಿನ ಮಾತು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಫಿಲ್ಮ್ ಮಾಡುತ್ತಿತ್ತು. ಅದು ನಿಂತ ಮೇಲೆ ನಮ್ಮ ಕೈಗೆ ಬರುವ ಶೀಟ್ ಫಿಲ್ಮ್ ಎಲ್ಲವೂ ಹೊರದೇಶದ್ದು. ರೂಪಾಯಿ ಇಳಿದರೆ ಹಾಳೆ ಏರುತ್ತದೆ. ಹೊರಗಿನಿಂದ ತರಿಸುವಾಗ ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಖರ್ಚೂ ಸೇರಿದ ಮೊತ್ತದ ಮೇಲೆ. ನನ್ನ ಕ್ಯಾಮೆರಾದ ಬಿಲ್ಲು ಅದರಿಂದಲೇ ಸುಮಾರು ಶೇ 40 ಹಿಗ್ಗಿತು.

ಹಾಗಾಗಿ ಕಲಿಕೆಗೆ ಬೇರೆ ಹಾಳೆ ಹುಡುಕಬೇಕು. ಹಂಪಿಯನ್ನು 1856ರಲ್ಲಿ ಚಿತ್ರಿಸಿದ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದವನ್ನೇ ನೆಗೆಟಿವ್ ಮಾಡಿಕೊಂಡಿದ್ದರು. ಇಂದಿಗೂ ಫೋಟೊ ಮುದ್ರಿಸುವ ಕಪ್ಪುಬಿಳುಪು ಕಾಗದವನ್ನು ಕತ್ತರಿಸಿ ಹೋಲ್ಡರಿಗೆ ತುಂಬಬಹುದು. ಬಹಳ ನಿಧಾನ, ಆದರೆ ಕೈ ಪಳಗುತ್ತದೆ. ನನಗೆ ಹಿಡಿಸಿದ್ದು ಎಕ್ಸ್‌ರೇ ಫಿಲ್ಮ್. ಹಳೆಯ ಪದ್ಧತಿಯ, ದ್ರಾವಣದಲ್ಲಿ ತೊಳೆಯುವ ಹಸಿರು ಸಂವೇದಿ ಫಿಲ್ಮನ್ನೇ ಕೇಳಿ. ಡಿಜಿಟಲ್ ಯಂತ್ರಗಳ ಒಣ ಫಿಲ್ಮ್ ಕ್ಯಾಮೆರಾಕ್ಕೆ ಬರುವುದಿಲ್ಲ. 8×10 ಇಂಚಿನ 50 ಹಾಳೆಯ ಪೆಟ್ಟಿಗೆಗೆ ಕಳೆದ ಸಲ 2,200 ಕೊಟ್ಟೆ. ನಾಲ್ಕು ಮಾಡಿದರೆ 200 ಹಾಳೆ, ಒಂದಕ್ಕೆ 11 ರೂಪಾಯಿ. ಸರಿಯಾಗಿ 4×5ಕ್ಕೆ ಕತ್ತರಿಸಿದರೆ ಹೋಲ್ಡರಿಗೆ ಹೋಗುವುದಿಲ್ಲ, ಎರಡೂ ಕಡೆ ಒಂದೆರಡು ಮಿ.ಮೀ. ಕಡಿಮೆ ಬೇಕು. ಎರಡೂ ಮೈಗೆ ಲೇಪ ಇರುವುದರಿಂದ ಬೇಗ ಗೀರು ಬೀಳುತ್ತದೆ. ಟ್ರೇಯ ತಳದಲ್ಲಿ ಗಾಜಿನ ಹಾಳೆ ಇಟ್ಟು ಒಂದೊಂದಾಗಿ ತೊಳೆಯುತ್ತೇನೆ. ಕೆಂಪು ಈ ಫಿಲ್ಮಿಗೆ ಕಾಣದು, ಹಾಗಾಗಿ ಕೆಂಪು ದೀಪದ ಕೆಳಗೆ ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬಹುದು. ಅದೇ ಕಾರಣಕ್ಕೆ ನಮ್ಮ ಜಂಬಿಟ್ಟಿಗೆ ಗೋಡೆ ಕಾಡಿಗೆಯಷ್ಟು ಕಪ್ಪಾಗಿ, ಅದರ ಮೇಲಿನ ಜರೀಗಿಡ ಬೆಳ್ಳಗೆ ಬರುತ್ತದೆ. ಅಗ್ಗವೆಂದು ತಂದದ್ದು, ಈಗ ಆ ಕಪ್ಪಿಗಾಗಿಯೇ ತರುತ್ತೇನೆ.

ಹೋದ ತಿಂಗಳು ನಮ್ಮೂರಿನ ಹೈಸ್ಕೂಲ್ ಮೇಷ್ಟ್ರೊಬ್ಬರು, ನನಗಿಂತ ಚಿಕ್ಕವರು, ‘ಅಣ್ಣ, 80,000 ಕೂಡಿಸಿದೀನಿ, ಯಾವ ಕ್ಯಾಮೆರಾ ತಗೊಳ್ಳಲಿ?’ ಎಂದು ಬಂದರು. ಇಬ್ಬರೂ ಕೂತು ಬರೆದೆವು. ಹಳೆಯ ಮಾನೊರೇಲ್ 16,000, 150ರ ಲೆನ್ಸ್ 18,000, ಮೂರು ಹೋಲ್ಡರ್ 6,000, ಅಲ್ಲಿಗೆ 40,000. ಇನ್ನರ್ಧದಲ್ಲಿ ಮುಕ್ಕಾಲಿ ಮತ್ತು ಅಡಾಪ್ಟರ್ 2,900, ಟ್ರೇ ಮತ್ತು ರಾಸಾಯನಿಕ 5,000, ಒಂದು ಪೆಟ್ಟಿಗೆ ಎಕ್ಸ್‌ರೇ ಫಿಲ್ಮ್ 2,200, ನಾಲ್ಕು ಪೆಟ್ಟಿಗೆ ಒಳ್ಳೆಯ ಫಿಲ್ಮ್ 27,200. ಉಳಿದ 2,700 ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್ ಮತ್ತು ಓಡಾಟಕ್ಕೆ. ಸಂರಕ್ಷಿತ ದೇವಸ್ಥಾನಗಳಲ್ಲಿ ಮುಕ್ಕಾಲಿ ಇಡಲು ಪುರಾತತ್ವ ಇಲಾಖೆಯಿಂದ ಮೊದಲೇ ಅನುಮತಿ ಪಡೆಯಬೇಕೆಂದೂ ಹೇಳಿದೆ. ಅದಿಲ್ಲದೆ ಹೋದರೆ ಪೆಟ್ರೋಲ್ ದಂಡ. ‘ಫಿಲ್ಮಿಗೇ ಅಷ್ಟೊಂದಾ ಅಣ್ಣ? ಅದೇ ದುಡ್ಡಲ್ಲಿ ಹೊಸ ಕ್ಯಾಮೆರಾನೇ ಬರುತ್ತಲ್ಲ’ ಎಂದರು. ಒಳಗೆ ಹೋಗಿ ನನ್ನ ಹಳೆಯ ಲೆಕ್ಕದ ಪುಸ್ತಕ ತಂದು 1,200ರ ಕೆಳಗಿನ ಗೆರೆ ತೋರಿಸಿದೆ.

ಆ 90ರ ಲೆನ್ಸನ್ನು ಈ ವಾರ ಮಾರಿದೆ. ಬೂಷ್ಟು ತೆಗೆಸಿದ್ದೇನೆ, ಗುರುತು ಉಳಿದಿದೆ, ವೃತ್ತ 154 ಮಾತ್ರ ಎಂದು ಹೇಳಿಯೇ ಕೊಟ್ಟೆ, 21,000 ಬಂತು. ಬಂದದ್ದರಲ್ಲಿ ಮೂರು ಪೆಟ್ಟಿಗೆ ಎಫ್‌ಪಿ4 ಫಿಲ್ಮ್ ತರಿಸಿದ್ದೇನೆ. 75 ಹಾಳೆ, ಫ್ರಿಜ್ಜಿನಲ್ಲಿ ತರಕಾರಿ ಡಬ್ಬದ ಕೆಳಗೆ ಇವೆ. ಇಕ್ಕೇರಿಯಲ್ಲಿ ಎದುರಿನಿಂದ ಹಿಂದೆ ಸರಿದರೆ ನಂದಿ ಮಂಟಪ ಅಡ್ಡ ಬರುತ್ತದೆ, ಆದರೆ ಅಂಗಳದ ಮೂಲೆಯಿಂದ 150ರಲ್ಲಿ ಇಡೀ ದೇವಸ್ಥಾನ ನೆಟ್ಟಗೆ ಕೂರುತ್ತದೆ. ಅನುಮತಿಯ ಅರ್ಜಿ ಹಾಕಿದ್ದೇನೆ.