ಕಚೇರಿ ಲ್ಯಾಪ್‌ಟಾಪ್ ನಿಧಾನವಾದಾಗ: ಪೂರ್ವಸ್ಥಾಪಿತ ತಂತ್ರಾಂಶಗಳ ಪರಿಶೀಲನೆ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಭ್ಯಾಸ ಪಾಠ



ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11, ಪಂಚತಂತ್ರದ ತೆರಿಗೆ ದಾಖಲೆ, ಉದ್ಯೋಗ ಖಾತರಿಯ ಹಾಜರಿ ಪಟ್ಟಿ, ಬಾಪೂಜಿ ಸೇವಾ ಕೇಂದ್ರದ ಅರ್ಜಿ ಇವೆಲ್ಲವೂ ಇಂದು ಪಂಚಾಯತಿಯ ಗಣಕಯಂತ್ರವನ್ನೇ ಅವಲಂಬಿಸಿವೆ. ಯಂತ್ರವು ನಿಧಾನವಾದ ದಿನ, ತಾಂಡಾದಿಂದ ಕೂಲಿ ಬಿಟ್ಟು ಬಂದವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಕೇಳಿ ಹಿಂದಿರುಗುತ್ತಾರೆ. ಆದರೆ ದೋಷವು ಯಾವಾಗಲೂ ಸರ್ವರ್‌ನದ್ದಾಗಿರುವುದಿಲ್ಲ. ಲ್ಯಾಪ್‌ಟಾಪ್ ಖರೀದಿಸಿದಾಗಲೇ ಅದರೊಳಗೆ ಬಂದಿರುವ, ನಾವು ಕೇಳದ ತಂತ್ರಾಂಶಗಳೂ ಇದಕ್ಕೆ ಕಾರಣವಾಗಿರಬಹುದು. ಹೊಸ ಯಂತ್ರಕ್ಕೆ ಹಣ ಮಂಜೂರು ಮಾಡುವ ಮುನ್ನ ಈ ಕಾರಣವನ್ನು ಪರಿಶೀಲಿಸುವ ಕ್ರಮವನ್ನು ತಿಳಿಸುವುದು ಈ ಪಾಠದ ಉದ್ದೇಶ.

ಪೂರ್ವಸ್ಥಾಪಿತ ತಂತ್ರಾಂಶ ಎಂದರೇನು?

ತಯಾರಕ ಕಂಪನಿಗಳು ವಿಂಡೋಸ್‌ನೊಂದಿಗೆ ತಮ್ಮ ಸಹಾಯಕ ತಂತ್ರಾಂಶ, ಪ್ರಾಯೋಗಿಕ ಅವಧಿಯ ಆ್ಯಂಟಿವೈರಸ್, ಆಟ ಹಾಗೂ ಮಾಹಿತಿ ಸಂಗ್ರಹಿಸುವ ಸೇವೆಗಳನ್ನು ಅಳವಡಿಸಿ ಮಾರುವುದುಂಟು. ಯಂತ್ರ ಚಾಲನೆಯಾದೊಡನೆ ಇವುಗಳಲ್ಲಿ ಹಲವು ತೆರೆಮರೆಯಲ್ಲಿ ಕೆಲಸ ಆರಂಭಿಸುತ್ತವೆ. ಒಂದೇ ಟ್ಯಾಂಕಿನ ನೀರನ್ನು ಹಲವು ನಲ್ಲಿಗಳಿಗೆ ತೆರೆದಿಟ್ಟಾಗ ಕೊನೆಯ ಮನೆಗೆ ನೀರು ತಲುಪದಂತೆ, ಪ್ರೊಸೆಸರ್‌ನ ಶಕ್ತಿಯು ಇವುಗಳಲ್ಲಿ ಹಂಚಿಹೋಗಿ ಕಚೇರಿ ಕೆಲಸಕ್ಕೆ ಸಾಲದಾಗುತ್ತದೆ. ಯಂತ್ರ ಬಿಸಿಯಾಗುತ್ತದೆ, ಬಿಸಿಯಾದ ಪ್ರೊಸೆಸರ್ ತನ್ನನ್ನು ರಕ್ಷಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಮ್ಮ ಭಾಗದ ಏಪ್ರಿಲ್-ಮೇ ಬಿಸಿಲಿನಲ್ಲಿ, ಫ್ಯಾನಿನ ಕಿಂಡಿಯಲ್ಲಿ ಧೂಳು ಕುಳಿತಾಗ, ಈ ತೊಂದರೆ ಇಮ್ಮಡಿಸುತ್ತದೆ.

ಇದು ಕೇವಲ ವೇಗದ ಪ್ರಶ್ನೆಯಲ್ಲ. 2014ರಲ್ಲಿ ಲೆನೊವೊ ಕಂಪನಿಯ ಕೆಲವು ಲ್ಯಾಪ್‌ಟಾಪ್‌ಗಳು ಸೂಪರ್‌ಫಿಶ್ ಎಂಬ ಸಂಸ್ಥೆಯ ಜಾಹೀರಾತು ತಂತ್ರಾಂಶದೊಂದಿಗೆ ಮಾರಾಟವಾದವು. ಅದು ಬಳಕೆದಾರ ಮತ್ತು ಜಾಲತಾಣದ ನಡುವಿನ ಸುರಕ್ಷಿತ ಸಂಪರ್ಕದೊಳಗೇ ಪ್ರವೇಶಿಸುತ್ತಿದ್ದುದು 2015ರ ಫೆಬ್ರವರಿಯಲ್ಲಿ ಬಯಲಾಯಿತು. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಕುರಿತು ಕಂಪನಿಯೊಂದಿಗೆ ಇತ್ಯರ್ಥ ಮಾಡಿಕೊಂಡು, ಅಂತಹ ತಂತ್ರಾಂಶಕ್ಕೆ ಮುಂದೆ ಗ್ರಾಹಕರ ಸಮ್ಮತಿಯನ್ನು ಕಡ್ಡಾಯಗೊಳಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಎಚ್‌ಪಿ ಲ್ಯಾಪ್‌ಟಾಪ್‌ಗಳ ಹಲವು ಬಳಕೆದಾರರು, ಮಾಹಿತಿ ಸಂಗ್ರಹಿಸುವ ಸೇವೆಯೊಂದರಿಂದ ತಮ್ಮ ಯಂತ್ರಗಳು ನಿಧಾನವಾಗಿವೆ ಎಂದು ದೂರಿದ್ದರು. ಡಿಜಿಟಲ್ ಸಹಿಯನ್ನು ಬಳಸುವ ಪಂಚಾಯತಿ ಯಂತ್ರದಲ್ಲಿ ಏನೇನು ಚಾಲನೆಯಲ್ಲಿದೆ ಎಂಬುದು ಕಚೇರಿಗೆ ತಿಳಿದಿರಲೇಬೇಕು.

ಪರಿಶೀಲನೆಯ ಕ್ರಮ

ಈ ಕಾರ್ಯವನ್ನು ಡಾಟಾ ಎಂಟ್ರಿ ಆಪರೇಟರ್, ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಅನುಮತಿಯೊಂದಿಗೆ ನಿರ್ವಹಿಸತಕ್ಕದ್ದು. ಸದಸ್ಯರು ಕ್ರಮವನ್ನು ಅರಿತು ವಿಚಾರಿಸಿದರೆ ಸಾಕು.

1. ಚಾರ್ಜರ್ ಜೋಡಿಸಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಏನನ್ನೂ ತೆರೆಯದೆ ಹತ್ತು ನಿಮಿಷ ಬಿಡಬೇಕು. ಹೊಸ ಯಂತ್ರವಾದರೆ ಮೊದಲ ಒಂದೆರಡು ದಿನ ವಿಂಡೋಸ್ ಅಪ್‌ಡೇಟ್ ನಡೆಯುವುದು ಸಹಜ. ಅದು ಮುಗಿಯುವವರೆಗೆ ಕಾಯಬೇಕು.

2. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಟಾಸ್ಕ್ ಮ್ಯಾನೇಜರ್’ ತೆರೆದು, ‘ಸಿಪಿಯು’ ಎಂಬ ಶೀರ್ಷಿಕೆಯ ಮೇಲೆ ಕ್ಲಿಕ್ ಮಾಡಬೇಕು. ಹೆಚ್ಚು ಶಕ್ತಿ ಬಳಸುವ ತಂತ್ರಾಂಶ ಮೇಲಕ್ಕೆ ಬರುತ್ತದೆ.

3. ಐದು ನಿಮಿಷ ಗಮನಿಸಿ, ಹೆಸರು ಮತ್ತು ಶೇಕಡಾವಾರು ಬಳಕೆಯನ್ನು ಬರೆದಿಡಬೇಕು. ಕ್ಷಣಕಾಲದ ಏರಿಕೆ ದೋಷವಲ್ಲ. ಶೇ. 25ರ ಬಳಕೆಯನ್ನೂ ಕಡಿಮೆಯೆಂದು ಬಿಡಬಾರದು. ನಾಲ್ಕು ತಾರ್ಕಿಕ ಪ್ರೊಸೆಸರ್‌ಗಳ ಯಂತ್ರದಲ್ಲಿ ಒಂದು ತಂತ್ರಾಂಶವು ಸತತವಾಗಿ ಸುಮಾರು ಶೇ. 25ರಲ್ಲೇ ನಿಂತಿದ್ದರೆ, ಅದು ಒಂದು ಪ್ರೊಸೆಸರನ್ನು ಪೂರ್ತಿಯಾಗಿ ಹಿಡಿದಿಟ್ಟುಕೊಂಡಿದೆ ಎಂದರ್ಥ. ಎಂಟು ಇದ್ದರೆ ಈ ಪ್ರಮಾಣ ಸುಮಾರು ಶೇ. 12.5.

4. ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಓಪನ್ ಫೈಲ್ ಲೊಕೇಷನ್’ ಆಯ್ದರೆ, ಅದು ಯಾವ ಕಂಪನಿಯ ತಂತ್ರಾಂಶವೆಂಬುದು ಫೋಲ್ಡರ್‌ನಿಂದ ಸಾಮಾನ್ಯವಾಗಿ ತಿಳಿಯುತ್ತದೆ.

5. ಮೊದಲಿಗೇ ಅಳಿಸಬಾರದು. ‘ಸ್ಟಾರ್ಟಪ್ ಆ್ಯಪ್ಸ್’ ಪಟ್ಟಿಯಲ್ಲಿ ಅದನ್ನು ‘ಡಿಸೇಬಲ್’ ಮಾಡಿ, ರೀಸ್ಟಾರ್ಟ್ ಮಾಡಿ, ಬಳಕೆಯನ್ನು ಮತ್ತೊಮ್ಮೆ ಬರೆದಿಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು; ಇಲ್ಲವಾದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ.

6. ಎರಡು ಮೂರು ದಿನ ಕಚೇರಿ ಕೆಲಸ ಸುಗಮವಾಗಿ ನಡೆದರೆ, ‘ಸೆಟ್ಟಿಂಗ್ಸ್’ನ ‘ಆ್ಯಪ್ಸ್’ ವಿಭಾಗದಿಂದ ಅದನ್ನು ಅನ್‌ಇನ್‌ಸ್ಟಾಲ್ ಮಾಡಬಹುದು.

ಅವಧಿ ಮುಗಿದ ಆ್ಯಂಟಿವೈರಸ್ ಕುರಿತು ವಿಶೇಷ ಗಮನವಿರಲಿ. ಅದನ್ನು ಹಾಗೆಯೇ ಬಿಟ್ಟು ಇನ್ನೊಂದನ್ನು ಅಳವಡಿಸಿದರೆ, ಎರಡೂ ಒಂದೇ ಕಡತವನ್ನು ತಪಾಸಿಸುತ್ತ ಯಂತ್ರವನ್ನು ಕುಗ್ಗಿಸಬಹುದು. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲೇ ಇದೆ. ಹಳೆಯ ಆ್ಯಂಟಿವೈರಸ್ ತೆಗೆದ ಬಳಿಕ ಅದು ಸಕ್ರಿಯವಾಗಿದೆಯೇ ಎಂದು ‘ವಿಂಡೋಸ್ ಸೆಕ್ಯುರಿಟಿ’ಯಲ್ಲಿ ಖಚಿತಪಡಿಸಿಕೊಳ್ಳಬೇಕು.

ತೆಗೆಯಬಾರದವು

ಡಿಜಿಟಲ್ ಸಹಿ ಟೋಕನ್, ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಸಾಧನಗಳ ಡ್ರೈವರ್‌ಗಳು, ಡಿಸ್‌ಪ್ಲೇ ಹಾಗೂ ಟಚ್‌ಪ್ಯಾಡ್ ಡ್ರೈವರ್‌ಗಳು ಮತ್ತು ನುಡಿ ತಂತ್ರಾಂಶವನ್ನು ಮುಟ್ಟಬಾರದು. ವಿಂಡೋಸ್‌ನ ಸ್ವಂತ ಸೇವೆಗಳನ್ನು ಬಲವಂತವಾಗಿ ನಿಲ್ಲಿಸಬಾರದು. ‘ವೇಗ ಹೆಚ್ಚಿಸುವ’ ಉಚಿತ ತಂತ್ರಾಂಶಗಳನ್ನು ಇಳಿಸಿಕೊಳ್ಳಲೇಬಾರದು. ಹೆಸರು, ಮೂಲ ಎರಡೂ ತಿಳಿಯದಿದ್ದರೆ ತಾಂತ್ರಿಕ ಸಿಬ್ಬಂದಿಗೆ ಒಪ್ಪಿಸುವುದು ಕ್ಷೇಮ.

ದೋಷ ಯಂತ್ರದ್ದೋ, ಜಾಲದ್ದೋ?

ಪ್ರೊಸೆಸರ್ ಬಳಕೆ ಕಡಿಮೆಯಿದ್ದು, ಜಾಲತಾಣ ಮಾತ್ರ ತೆರೆಯದಿದ್ದರೆ ಇಂಟರ್ನೆಟ್ ಅಥವಾ ಸರ್ವರ್ ಕಾರಣವಿರಬಹುದು; ಅದೇ ತಾಣವನ್ನು ಬೇರೆ ಯಂತ್ರದಲ್ಲಿ, ಬೇರೆ ಸಂಪರ್ಕದಲ್ಲಿ ತೆರೆದು ನೋಡಬೇಕು. ಏನೂ ತೆರೆಯದಿದ್ದಾಗಲೂ ಬಳಕೆ ಶೇ. 80ಕ್ಕಿಂತ ಮೇಲೆಯೇ ನಿಂತಿದ್ದರೆ ದೋಷ ನಮ್ಮ ಯಂತ್ರದಲ್ಲಿದೆ. ‘ಡಿಸ್ಕ್’ ಅಥವಾ ‘ಮೆಮೊರಿ’ ಮಾತ್ರ ತುಂಬಿದ್ದರೆ ರ‍್ಯಾಮ್ ಹೆಚ್ಚಿಸುವುದು ಅಥವಾ ಎಸ್‌ಎಸ್‌ಡಿ ಅಳವಡಿಸುವುದು ಹೊಸ ಖರೀದಿಗಿಂತ ಅಗ್ಗವಾದೀತು.

ಸಾಮಾನ್ಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

- ಯಂತ್ರ ನಿಧಾನವೆಂದು ವರದಿಯಾದ ದಿನ ಪ್ರೊಸೆಸರ್ ಬಳಕೆ ಎಷ್ಟಿತ್ತು? ಯಾವ ತಂತ್ರಾಂಶ ಮೇಲಿತ್ತು?
- ಮಾಡಿದ ಬದಲಾವಣೆಗಳನ್ನು ದಿನಾಂಕಸಹಿತ ವಹಿಯಲ್ಲಿ ದಾಖಲಿಸಲಾಗಿದೆಯೇ?
- ವಾರಂಟಿ ಅವಧಿ ಉಳಿದಿದೆಯೇ? ಫ್ಯಾನನ್ನು ಶುಚಿಗೊಳಿಸಲಾಗಿದೆಯೇ?
- ಹೊಸ ಖರೀದಿಯ ಷರತ್ತುಗಳಲ್ಲಿ ‘ಪ್ರಾಯೋಗಿಕ ಹಾಗೂ ಜಾಹೀರಾತು ತಂತ್ರಾಂಶಗಳಿರಬಾರದು’ ಎಂದು ಸೇರಿಸಲಾಗಿದೆಯೇ?

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿರುವುದರಿಂದ ಕೆಲವು ಹಳೆಯ ಯಂತ್ರಗಳನ್ನು ಬದಲಿಸುವುದು ಅನಿವಾರ್ಯವಾಗಬಹುದು. ಆ ನಿರ್ಧಾರವನ್ನೂ ಲಿಖಿತ ಪರಿಶೀಲನೆಯ ಆಧಾರದ ಮೇಲೆಯೇ ಕೈಗೊಳ್ಳುವುದು ಸೂಕ್ತ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ಪಂಚಾಯತಿಯಲ್ಲಿ ಕನಿಷ್ಠ ಒಂದು ಯಂತ್ರವನ್ನಾದರೂ ಈ ಕ್ರಮದಂತೆ ಪರಿಶೀಲಿಸಿ, ಬರೆದಿಟ್ಟ ಅಂಕಿಗಳನ್ನು ಸಭೆಯ ಮುಂದಿಡುವಂತೆ ಸದಸ್ಯರು ಕೇಳಬಹುದು.