ಲಾನ್ ಮೇಲೆ ಪಟ್ಟೆ, ಚೌಕಳಿ, ರಂಗೋಲಿ: ಮೊದಲ ಸಲ ಮಾಡುವವರಿಗೆ

ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ಮೈದಾನದ ತುಂಬ ತಿಳಿ ಹಸಿರು, ಕಡು ಹಸಿರು ಪಟ್ಟೆಗಳನ್ನು ಕಂಡಿರುತ್ತೀರಿ. ಅಲ್ಲಿ ಎರಡು ಜಾತಿಯ ಹುಲ್ಲಿಲ್ಲ, ಬಣ್ಣವನ್ನೂ ಹೊಡೆದಿಲ್ಲ. ಎಸಳು ನಿಮ್ಮಿಂದ ಆಚೆಗೆ ಬಾಗಿದ್ದರೆ ಅದರ ಮೈಮೇಲೆ ಬೆಳಕು ಬಿದ್ದು ತಿಳಿಯಾಗಿ ಕಾಣುತ್ತದೆ. ನಿಮ್ಮ ಕಡೆ ಬಾಗಿದ್ದರೆ ತುದಿ, ನೆರಳು ಕಂಡು ಕಡುವಾಗುತ್ತದೆ. ಅಷ್ಟೇ ಗುಟ್ಟು. ಇಚಲಕರಂಜಿಯ ಶಹಾಪುರದ ಒಂದು ಪುಟ್ಟ ಅಂಗಳದಲ್ಲೂ ಇದನ್ನು ಮಾಡಬಹುದು. ಭಯಪಡಬೇಡಿ, ತಪ್ಪಿದರೂ ಹುಲ್ಲು ಮತ್ತೆ ಬೆಳೆಯುತ್ತದೆ.

1. ಕಾಲ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಲ್ಲಾಪುರದ ಕಡೆ ಮಳೆಗಾಲ. ಎರೆಮಣ್ಣು ಹಸಿಯಿದ್ದಾಗ ಹುಲ್ಲು ಬಾಗಿಸುವ ರೋಲರ್ ಎಳೆದರೆ ನೆಲ ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದಂತಾಗುತ್ತದೆ. ಮಳೆ ನಿಂತು ನೆಲ ಆರಲಿ. ಹಿಮ್ಮಡಿ ಊರಿ ನೋಡಿ, ಗುಳಿ ಬಿದ್ದರೆ ಇನ್ನೂ ಕಾಯಿರಿ.

2. ಹುಲ್ಲು ಬೆಳೆಯಲು ಬಿಡಿ. ನಿಮ್ಮದು ಕರಕಿ ಜಾತಿಯ ಬರ್ಮುಡಾ ಲಾನ್ ಆಗಿದ್ದರೆ ಎಸಳು ಗಿಡ್ಡ, ಬಿರುಸು. ಇಂಗ್ಲೆಂಡಿನ ರೈ ಹುಲ್ಲಿನಷ್ಟು ಸಲೀಸಾಗಿ ಬಾಗುವುದಿಲ್ಲ. ಅದಕ್ಕೇ ಎರಡೂಕಾಲು ಇಂಚಿನಷ್ಟು ಎತ್ತರ ಬರುವವರೆಗೆ ಕೈ ಹಚ್ಚಬೇಡಿ.

3. ನೆಲ ಸ್ವಚ್ಛ ಮಾಡಿ. ಕಲ್ಲು, ತಂತಿ, ಮಕ್ಕಳ ಗೋಲಿ ಎಲ್ಲ ಆರಿಸಿ ತೆಗೆಯಿರಿ. ಅಲಗಿಗೆ ಸಿಕ್ಕ ಸಣ್ಣ ಹರಳೂ ಗುಂಡಿನಂತೆ ಸಿಡಿಯುತ್ತದೆ. ಕಾಲಿಗೆ ಬೂಟು ಇರಲಿ, ಮಕ್ಕಳು ದೂರ ಇರಲಿ.

4. ಮೋವರ್ ಸಿದ್ಧ ಮಾಡಿ. ಕೈಯಿಂದ ತಳ್ಳುವ, ಹಿಂದೆ ರೋಲರ್ ಇರುವ ಸಿಲಿಂಡರ್ ಮೋವರ್ ಸಿಕ್ಕರೆ ಬಹಳ ಒಳ್ಳೆಯದು. ಈ ಯಂತ್ರದ ಮೂಲ ಬಟ್ಟೆ ಗಿರಣಿಯಲ್ಲಿದೆ. ಇಂಗ್ಲೆಂಡಿನ ಸ್ಟ್ರೌಡ್‌ನಲ್ಲಿ ಎಡ್ವಿನ್ ಬಡ್ಡಿಂಗ್, ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರ ನೋಡಿ, ಅದೇ ಬಗೆಯ ಸುರುಳಿ ಅಲಗನ್ನು 1830ರಲ್ಲಿ ಹುಲ್ಲಿಗೆ ಹೊಂದಿಸಿದರು. ಪವರ್‌ಲೂಮಿನ ಇಚಲಕರಂಜಿಗೆ ಲಾನ್ ಮೋವರ್ ನೆಂಟನೇ ಸರಿ!

ಫ್ಯಾನಿನಂತೆ ಅಲಗು ತಿರುಗುವ ರೋಟರಿ ಮೋವರ್ ಇದ್ದರೂ ಅಡ್ಡಿಯಿಲ್ಲ. ರೋಲರ್ ಮನೆಯಲ್ಲೇ ಮಾಡಿಕೊಳ್ಳಿ. 4 ಇಂಚಿನ ಪಿವಿಸಿ ಪೈಪನ್ನು ಮೋವರ್ ಕತ್ತರಿಸುವ ಅಗಲದಷ್ಟೇ ಉದ್ದಕ್ಕೆ ತನ್ನಿ. ಎರಡು ಎಂಡ್ ಕ್ಯಾಪ್‌ಗಳ ನಟ್ಟನಡುವೆ ತೂತು ಕೊರೆದು, ಉದ್ದಕ್ಕೂ ಒಂದು ಕಬ್ಬಿಣದ ಸರಳು ತೂರಿಸಿ. ಒಣ ಮರಳು ತುಂಬಿ ಕ್ಯಾಪ್ ಅಂಟಿಸಿ. ಆ ತೂಕ ಸಾಕು. ಸರಳಿನ ಎರಡೂ ತುದಿಗೆ ಹಗ್ಗ ಕಟ್ಟಿದರೆ ಎಳೆಯಬಹುದು.

5. ಅಂಚು ಮೊದಲು ಕತ್ತರಿಸಿ. ಮೋವರ್ ಅನ್ನು 2 ಇಂಚಿಗೆ ಇಟ್ಟು ಲಾನ್‌ನ ಸುತ್ತ ಎರಡು ಸುತ್ತು ಹಾಕಿ. ಆಮೇಲೆ ಮೋವರ್ ತಿರುಗಿಸಲು ಇದೇ ಜಾಗ. ಕರೆಂಟಿನ ಮೋವರ್ ಆದರೆ, ಅಲಗಿಗೆ ಹುಲ್ಲು ಸಿಕ್ಕಿಕೊಂಡಾಗ ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ.

6. ಮೊದಲ ಗೆರೆ ಎಳೆಯಿರಿ. ಇದೊಂದು ನೆಟ್ಟಗೆ ಬಂದರೆ ಉಳಿದವೆಲ್ಲ ಅದನ್ನೇ ಹಿಡಿದು ಬರುತ್ತವೆ, ಇದು ಸೊಟ್ಟಾದರೆ ಅವೂ ಸೊಟ್ಟ. ಎರಡು ಗೂಟ ಹೊಡೆದು ನಡುವೆ ಹುರಿ ಬಿಗಿಯಿರಿ. ಹುರಿಯ ಪಕ್ಕದಲ್ಲೇ ಮೋವರ್ ತಳ್ಳಿ, ಹುರಿ ಅಲಗಿಗೆ ಸಿಗದಷ್ಟು ಅಂತರ ಇರಲಿ. ಕಣ್ಣು ಚಕ್ರದ ಮೇಲೆ ಬೇಡ, ಎದುರಿನ ಗೋಡೆಯಲ್ಲೋ ಗಿಡದಲ್ಲೋ ಒಂದು ಗುರುತು ಹಿಡಿದು ಅದರತ್ತಲೇ ನಡೆಯಿರಿ. ಹೊಸಬರು ತಪ್ಪುವುದು ಬಹುತೇಕ ಇಲ್ಲೇ. ನಿಧಾನ ನಡೆಯಿರಿ, ಅವಸರವಿಲ್ಲ.

7. ತಿರುಗಿ ಬನ್ನಿ. ಪಕ್ಕದ ಪಟ್ಟೆಯನ್ನು ಎದುರು ದಿಕ್ಕಿನಿಂದ, ಹಿಂದಿನದರ ಮೇಲೆ 2 ಇಂಚು ಹತ್ತಿಸಿ ಕತ್ತರಿಸಿ. ಹೀಗೇ ಹೋಗಿ, ಬನ್ನಿ. ಪೈಪ್ ರೋಲರ್ ಆದರೆ ಪ್ರತಿ ಪಟ್ಟೆಯ ಮೇಲೂ, ಅದನ್ನು ಕತ್ತರಿಸಿದ ದಿಕ್ಕಿನಲ್ಲೇ ಎಳೆಯಿರಿ. ಕೊನೆಗೆ ಅಂಚಿನ ಸುತ್ತು ಇನ್ನೊಮ್ಮೆ ಹಾಕಿದರೆ ತಿರುವಿನ ಗುರುತು ಮುಚ್ಚಿಹೋಗುತ್ತದೆ. ಈಗ ಒಂದು ತುದಿಯಲ್ಲಿ ನಿಂತು ನೋಡಿ. ಇನ್ನೊಂದು ತುದಿಗೆ ಹೋದರೆ ತಿಳಿಯಾಗಿದ್ದದ್ದು ಕಡು, ಕಡುವಾಗಿದ್ದದ್ದು ತಿಳಿ!

8. ಚೌಕಳಿ ಬೇಕೇ? ಇದೇ ಕೆಲಸವನ್ನು ಅಡ್ಡಕ್ಕೆ ಇನ್ನೊಮ್ಮೆ ಮಾಡಿ.

9. ರಂಗೋಲಿ ಬಿಡಿಸಿ. ಕರಕಿ ಲಾನ್‌ಗೆ ನನ್ನ ಮೆಚ್ಚಿನದು ಇದೇ. ಬಾಗಿಸಿದ ಪಟ್ಟೆ ಕೆಲವೇ ದಿನಕ್ಕೆ ಎದ್ದು ನಿಲ್ಲುತ್ತದೆ, ಎತ್ತರದ ವ್ಯತ್ಯಾಸ ಅದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ನಡುವೆ ಗೂಟ ಹೊಡೆದು, ಹುರಿಯ ತುದಿ ಹಿಡಿದು ಸುತ್ತುತ್ತ ರಂಗೋಲಿ ಪುಡಿ ಉದುರಿಸಿದರೆ ವೃತ್ತ ಸಿದ್ಧ. ಅದೇ ಅಳತೆಯ ಹುರಿಯಿಂದ ವೃತ್ತದ ಸುತ್ತಳತೆಯ ಮೇಲೆ ಗುರುತು ಹಾಕುತ್ತ ಬಂದರೆ ಸರಿಯಾಗಿ 6 ಚುಕ್ಕಿ ಬೀಳುತ್ತವೆ, ಪ್ರತಿ ಚುಕ್ಕಿಯಿಂದಲೂ ಅದೇ ಹುರಿಯಲ್ಲಿ ವೃತ್ತದೊಳಗೆ ಕಮಾನು ಎಳೆದರೆ ಆರು ಎಸಳಿನ ಹೂವು ಸಿದ್ಧ. ಸುಣ್ಣ ಬಳಸಬೇಡಿ, ಹುಲ್ಲು ಸುಡಬಹುದು. ಎಸಳಿನ ಒಳಗಿನ ಹುಲ್ಲನ್ನು ಕತ್ತರಿಯಿಂದ ಒಂದೂವರೆ ಇಂಚಿಗೆ ಇಳಿಸಿ. ವಾರದ ಬಳಿಕ ಹಂತ ಹಂತವಾಗಿ 1 ಇಂಚಿಗೆ ತನ್ನಿ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೆ ಹುಲ್ಲು ಸೊರಗುತ್ತದೆ. ಕಂದು ಕಾಂಡ ಕಂಡರೆ ಅಲ್ಲಿಗೇ ನಿಲ್ಲಿಸಿ.

10. ಮುಂದಿನ ಸಲ ದಿಕ್ಕು ಬದಲಿಸಿ. ಈ ವಾರ ಉದ್ದಕ್ಕೆ ಹೋಗಿದ್ದರೆ ಮುಂದಿನ ವಾರ ಅಡ್ಡಕ್ಕೆ ಹೋಗಿ. ಸದಾ ಒಂದೇ ದಾರಿಯಲ್ಲಿ ಚಕ್ರ ಓಡಿದರೆ ಹುಲ್ಲು ಒಂದೇ ಕಡೆ ಮಲಗಿಬಿಡುತ್ತದೆ, ನೆಲದಲ್ಲೂ ಜಾಡು ಬೀಳುತ್ತದೆ.